ಸರಿಯುವ ಕೀಬೋರ್ಡಿನ ಫೋನಿಗೆ ಎಂಥ ಚರ್ಮದ ಚೀಲ?

ಈಚೆಗೆ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ದೊಡ್ಡ ಚರ್ಚೆಯೇ ನಡೆಯಿತು. ನಮ್ಮ ವಿಜ್ಞಾನದ ಟೀಚರಿಗೆ ಗಲ್ಫಿನಲ್ಲಿರುವ ಅವರ ತಮ್ಮ ಒಂದು ಹಳೇ ಫೋನು ತಂದುಕೊಟ್ಟಿದ್ದಾನೆ. 2015ರಲ್ಲಿ ಬಂದ ಬ್ಲ್ಯಾಕ್‌ಬೆರಿ ಪ್ರಿವ್. ಪರದೆಯನ್ನು ಮೇಲಕ್ಕೆ ತಳ್ಳಿದರೆ ಅಡಿಯಿಂದ ಪುಟ್ಟ ಕೀಬೋರ್ಡು ಇಣುಕುತ್ತದಲ್ಲ, ಅಂಥದ್ದು. ಗಾಜಿನ ಮೇಲೆ ಬೆರಳಾಡಿಸಿ ಬರೆಯುವುದು ಟೀಚರಿಗೆ ಇವತ್ತಿಗೂ ಒಗ್ಗಿಲ್ಲ, ಹಾಗಾಗಿ ಮಗುವಿಗೆ ಆಟಿಕೆ ಸಿಕ್ಕಿದಷ್ಟು ಸಂತೋಷ. "ಮಾಷ್ಟ್ರೇ, ಇದಕ್ಕೊಂದು ಒಳ್ಳೇ ಚರ್ಮದ ಕವರು ಹಾಕಬೇಕಲ್ಲ, ಯಾವುದು ತೆಗೆದುಕೊಳ್ಳುವುದು?" ಎಂದು ಕೇಳಿದರು.

ಒಬ್ಬರು ಪುಸ್ತಕದ ಹಾಗೆ ತೆರೆಯುವ ಕವರು ಅಂದರು. ಇನ್ನೊಬ್ಬರು ಮೇಲಿನ ಭಾಗಕ್ಕೊಂದು, ಕೆಳಗಿನ ಭಾಗಕ್ಕೊಂದು ಎಂದು ಎರಡು ತುಂಡಾಗಿ ಅಂಟಿಕೊಳ್ಳುವ ಕವರು ಅಂದರು. ಡ್ರಿಲ್ ಮಾಷ್ಟ್ರು "ಕವರೇ ಬೇಡ, ಬಿದ್ದರೆ ಬಿದ್ದೀತು" ಎಂದು ಎದ್ದು ಹೋದರು! ನಾವು ಮಾತ್ರ ಹಠ ಹಿಡಿದು ಹೇಳಿದ್ದು ಒಂದೇ. ಸರಿಯುವ ಫೋನಿಗೆ ಅಂಗಿ ಹೊಲಿಸಬೇಡಿ, ಚೀಲ ಹೊಲಿಸಿ. ಫೋನು ಅದರೊಳಗೆ ಪೂರ್ತಿ ಇಳಿಯಬೇಕು, ಬಳಸುವಾಗ ಪೂರ್ತಿ ಹೊರಗೆ ಬರಬೇಕು. ಸರಿಯುವ ಕೆಲಸದಲ್ಲಿ ಚರ್ಮಕ್ಕೆ ಯಾವ ಪಾಲೂ ಇರಬಾರದು.

ಇಷ್ಟು ಖಡಾಖಂಡಿತವಾಗಿ ಯಾಕೆ ಹೇಳುತ್ತೇವೆ ಎಂದರೆ, ಇದರಲ್ಲಿ ಒಮ್ಮೆ ಕೈ ಸುಟ್ಟುಕೊಂಡಿದ್ದೇವೆ.

2010ರ ಮಾತು. ನಮ್ಮಲ್ಲೊಬ್ಬರ ಕೈಗೂ ಗಲ್ಫಿನಿಂದಲೇ ಒಂದು ಸ್ಲೈಡರ್ ಫೋನು ಬಂದಿತ್ತು. (ಕಾಸರಗೋಡಿನಲ್ಲಿ ಒಳ್ಳೆಯ ಫೋನುಗಳು ಪೇಟೆಯಿಂದ ಬರುವ ಮೊದಲು ಗಲ್ಫಿನಿಂದ ಬರುತ್ತಿದ್ದವು, ಅದು ನಿಮಗೂ ಗೊತ್ತು.) ಅಡ್ಡ ಹಿಡಿದು ಪರದೆಯನ್ನು ತಳ್ಳಿದರೆ ಮೂರು ಸಾಲು ಕೀಲಿಗಳು. ಆಗ ನಾವು ಮೂವರು ಸೇರಿ ಒಂದು ಸಣ್ಣ ಕೆಲಸ ಹಚ್ಚಿಕೊಂಡಿದ್ದೆವು. ಮಕ್ಕಳ ಮನೆಗೆ ಹೋದಾಗ ಅಜ್ಜಿಯಂದಿರ ಬಾಯಲ್ಲಿ ಬರುವ, ಮಕ್ಕಳಿಗೆ ಗೊತ್ತಿಲ್ಲದ ಪದಗಳನ್ನು ಗುರುತು ಹಾಕಿಕೊಳ್ಳುವುದು. ಗೊರಬು, ಮುಟ್ಟಾಳೆ, ಮೆಟ್ಟುಕತ್ತಿ, ಅಟ್ಟಿನಳಗೆ... ಇಂಥವು. ಅಜ್ಜಿಯ ಎದುರು ಪುಸ್ತಕ ಪೆನ್ನು ತೆಗೆದರೆ ಅವರು ಮಾತೇ ನಿಲ್ಲಿಸುತ್ತಾರೆ, ಜನಗಣತಿಗೆ ಬಂದವರೆಂದು ತಿಳಿಯುತ್ತಾರೆ. ಫೋನು ತೆಗೆದರೆ ಯಾರಿಗೋ ಮೆಸೇಜು ಕಳಿಸುತ್ತಿದ್ದಾನೆ ಎಂದುಕೊಂಡು ಮಾತು ಮುಂದುವರಿಸುತ್ತಾರೆ. ಹಾಗಾಗಿ ಕೀಲಿಗಳ ಫೋನು ನಮಗೆ ಬಹಳ ಒದಗಿತು. ಕಣ್ಣು ಅಜ್ಜಿಯ ಮೇಲೆ, ಹೆಬ್ಬೆರಳು ಕೀಲಿಗಳ ಮೇಲೆ. ಗಾಜಿನ ಪರದೆಯಲ್ಲಿ ಇದು ಸಾಧ್ಯವಿಲ್ಲ, ನೋಡಿಯೇ ಒತ್ತಬೇಕು.

ಆದರೆ ಆ ಕಾಲದ ಹೆಚ್ಚಿನ ಫೋನುಗಳಲ್ಲಿ ಕನ್ನಡ ಅಂದರೆ ಸಾಲುಸಾಲು ಚೌಕಗಳು. ಆಂಡ್ರಾಯ್ಡಿಗೆ ಕನ್ನಡ ಅಕ್ಷರಗಳು ಬಂದದ್ದು 2012ರ 4.1 ಆವೃತ್ತಿಯಲ್ಲಿ. ಹಾಗಾಗಿ ಪದಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದಿಟ್ಟೆವು. ಮುನ್ನೂರಕ್ಕೂ ಹೆಚ್ಚು ಪದಗಳಾದವು. ಅವೆಲ್ಲ ಇದ್ದದ್ದು ಫೋನಿನ ಒಳಗಿನ ನೆನಪಿನಲ್ಲಿ, ಸಿಮ್ಮಿನಲ್ಲೂ ಅಲ್ಲ, ಕಾರ್ಡಿನಲ್ಲೂ ಅಲ್ಲ. ಇಷ್ಟು ಬೆಲೆಯ ಫೋನಿಗೆ, ಇಷ್ಟು ಬೆಲೆಯ ಸಂಗ್ರಹಕ್ಕೆ ಒಂದು ಅಂದದ ರಕ್ಷಣೆ ಬೇಡವೇ? ಕಂದು ಬಣ್ಣದ, ಬಿಳಿ ನೂಲಿನ ಹೊಲಿಗೆಯ, ಎರಡು ತುಂಡಿನ ಚರ್ಮದ ಕವರು ತರಿಸಿದೆವು. ಬೆನ್ನಿಗೊಂದು ತುಂಡು, ಪರದೆಯ ಸುತ್ತ ಚೌಕಟ್ಟಿನಂತೆ ಇನ್ನೊಂದು. ನೋಡಿದವರೆಲ್ಲ ಹೊಗಳಿದರು.

ಮಳೆಗಾಲ ಬಂತು. ಚರ್ಮ ತೇವ ಎಳೆದು ತುಸು ಉಬ್ಬಿತು. ಎರಡು ತುಂಡುಗಳ ಅಂಚು ಒಂದಕ್ಕೊಂದು ಉಜ್ಜತೊಡಗಿತು. ಮೊದಲು ಹೆಬ್ಬೆರಳಿನ ತುದಿಯಲ್ಲಿ ಸರಿಯುತ್ತಿದ್ದ ಪರದೆಗೆ ಈಗ ಎರಡೂ ಕೈಯ ಬಲ ಬೇಕಾಯಿತು. ಒಂದು ಬದಿಯಿಂದ ಒತ್ತಿದರೆ ಆ ಬದಿ ಮುಂದೆ, ಇನ್ನೊಂದು ಬದಿ ಹಿಂದೆ, ಹಳೇ ಮೇಜಿನ ಡ್ರಾಯರು ಓರೆಯಾಗಿ ಸಿಕ್ಕಿಕೊಳ್ಳುತ್ತದಲ್ಲ, ಹಾಗೆ. ನಾವು ಬಲ ಹಾಕುತ್ತಲೇ ಹೋದೆವು. ಸ್ವಲ್ಪ ದಿನದಲ್ಲಿ ತೆರೆದಾಗ ಪರದೆ ಮಿಣಮಿಣ ಅನ್ನುತ್ತಿತ್ತು, ಮುಚ್ಚಿದರೆ ಸರಿ. ಆಮೇಲೆ ಬಿಳಿ ಗೆರೆಗಳು. ಆಮೇಲೆ ಕತ್ತಲೆ. ತಮಾಷೆ ಎಂದರೆ ಫೋನು ಸತ್ತಿರಲಿಲ್ಲ, ರಿಂಗಾಗುತ್ತಿತ್ತು, ಎತ್ತಿದರೆ ಮಾತೂ ಕೇಳುತ್ತಿತ್ತು. ಕಾಣುತ್ತಿರಲಿಲ್ಲ, ಅಷ್ಟೆ.

ರಿಪೇರಿಯವನು ಒಂದೇ ನೋಟಕ್ಕೆ "ಸ್ಟ್ರಿಪ್ ಪೋಯಿ ಮಾಷೇ" ಅಂದ. ಸರಿಯುವ ಫೋನಿನ ಗುಟ್ಟೆಲ್ಲ ಅಲ್ಲೇ ಇರುವುದು. ಮೇಲಿನ ಅರ್ಧದಲ್ಲಿ ಪರದೆ, ಕೆಳಗಿನ ಅರ್ಧದಲ್ಲಿ ಕೀಲಿಗಳು, ಬ್ಯಾಟರಿ. ಎರಡನ್ನೂ ಜೋಡಿಸುವುದು ಕಾಗದದಷ್ಟು ತೆಳ್ಳಗಿನ ಒಂದು ಪಟ್ಟಿ. ಅದರೊಳಗೆ ಕೂದಲಿಗಿಂತ ಸಪೂರದ ತಾಮ್ರದ ಗೆರೆಗಳು. ಪ್ರತಿ ಸಲ ತೆರೆದು ಮುಚ್ಚುವಾಗ ಆ ಪಟ್ಟಿ ಮಡಚುತ್ತದೆ, ಬಿಡಿಸಿಕೊಳ್ಳುತ್ತದೆ. ನೇರವಾಗಿ ಸರಿದರೆ ಅದು ವರ್ಷಗಟ್ಟಲೆ ಬಾಳುತ್ತದೆ. ಓರೆಯಾಗಿ ಎಳೆದರೆ, ಹಳಿಯಲ್ಲಿ ಹುಡಿ ತುಂಬಿದರೆ, ಒಂದು ಅಂಚು ಸವೆದು ಗೆರೆಗಳು ಒಂದೊಂದಾಗಿ ತುಂಡಾಗುತ್ತವೆ. ನಾವು ಫೋನಿನ ಮೈ ಕಾಯಲು ಹೋಗಿ ಅದರ ಬೆನ್ನುಹುರಿ ಮುರಿದಿದ್ದೆವು.

ಹೊಸ ಪಟ್ಟಿ ಬರಲು ಎರಡು ತಿಂಗಳು ಹಿಡಿಯಿತು. ಹಾಕಿಸಿದ ರಾತ್ರಿಯೇ ಮೂವರೂ ಕುಳಿತು ಅಷ್ಟೂ ಪದಗಳನ್ನು ಮಕ್ಕಳ ಇನ್ನೂರು ಪುಟದ ನೋಟ್ ಬುಕ್ಕಿಗೆ ಇಳಿಸಿಕೊಂಡೆವು. ಆಗ ಹೊಸ ಪೇಚು. ಇಂಗ್ಲಿಷ್ ಅಕ್ಷರದಲ್ಲಿ ಟಕಾರವೋ ತಕಾರವೋ, ಳಕಾರವೋ ಲಕಾರವೋ ಗೊತ್ತಾಗುವುದಿಲ್ಲವಲ್ಲ! ಮುಟ್ಟಾಳೆಯಂಥ ಪದವಾದರೆ ಗೊತ್ತು, ಕೇಳದೇ ಇದ್ದ ಪದವಾದರೆ? ಹೆಚ್ಚಿನವನ್ನು ಮತ್ತೆ ಹೋಗಿ ಕೇಳಿ ಸರಿಮಾಡಿಕೊಂಡೆವು. ಆದರೆ ಬಾಯಾರು ಕಡೆಯ ಒಬ್ಬ ಅಜ್ಜಿ, ನಮಗೆ ಎಲ್ಲರಿಗಿಂತ ಹೆಚ್ಚು ಪದ ಕೊಟ್ಟವರು, ಆ ಎರಡು ತಿಂಗಳ ನಡುವೆ ತೀರಿಕೊಂಡಿದ್ದರು. ಹನ್ನೊಂದು ಪದಗಳ ಎದುರು ಇವತ್ತಿಗೂ ಪ್ರಶ್ನಾರ್ಥಕ ಚಿಹ್ನೆ ಇದೆ.

ಇರಲಿ. ಟೀಚರ ಪ್ರಶ್ನೆಗೆ ಬರೋಣ.

ಚೀಲವೇ ಆಗಬೇಕು ಎಂದೆವು. ಆದರೆ ಚೀಲದಲ್ಲೂ ಒಂದು ಸೂಕ್ಷ್ಮವಿದೆ, ಅಂಗಡಿಯವರು ಯಾರೂ ಹೇಳುವುದಿಲ್ಲ. ಫೋನು ಯಾವ ದಿಕ್ಕಿಗೆ ಸರಿಯುತ್ತದೋ ಅದೇ ದಿಕ್ಕಿಗೆ ಚೀಲದಿಂದ ಎಳೆಯಬಾರದು. ನೋಕಿಯಾ ಎನ್97, ಎನ್900 (ಎರಡೂ 2009ರವು), ಅದಕ್ಕೂ ಮೊದಲು 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನು ಎಚ್‌ಟಿಸಿ ಡ್ರೀಮ್, ಇವೆಲ್ಲ ಉದ್ದದ ಅಂಚಿನ ಕಡೆಗೆ ಸರಿಯುವಂಥವು. ಇಂಥ ಫೋನನ್ನು ಬೆಲ್ಟಿಗೆ ಅಡ್ಡ ಕಟ್ಟುವ ಚೀಲದಲ್ಲಿ ಮಲಗಿಸಿದಿರಿ ಅಂತಿಟ್ಟುಕೊಳ್ಳಿ. ಮೇಲಿನಿಂದ ಎಳೆಯುವಾಗ ಬೆರಳು ಸಿಗುವುದು ಪರದೆಯ ಅಂಚಿಗೆ. ಚೀಲ ಬಿಗಿಯಾಗಿದ್ದರೆ ಕೆಳಗಿನ ಅರ್ಧ ಒಳಗೇ ಉಳಿಯುತ್ತದೆ, ಪರದೆ ಮಾತ್ರ ಸರಿದು ಮೇಲೆ ಬರುತ್ತದೆ. ದಿನಕ್ಕೆ ಇಪ್ಪತ್ತು ಸಲ ಹೀಗಾದರೆ ಆ ಪಟ್ಟಿಯ ಗತಿ ಏನು? ಇವಕ್ಕೆ ಉದ್ದಕ್ಕೆ ನಿಲ್ಲಿಸುವ ಚೀಲ ಸರಿ. ತಲೆ ಹಿಡಿದು ಎಳೆದರೆ ಎರಡು ಅರ್ಧವೂ ಒಟ್ಟಿಗೇ ಬರುತ್ತವೆ.

ಟೀಚರ ಪ್ರಿವ್ ಇದಕ್ಕೆ ತದ್ವಿರುದ್ಧ. ಅದು ತಲೆಯ ಕಡೆಗೆ ಸರಿಯುತ್ತದೆ. ಅದಕ್ಕೆ ಅಡ್ಡ ಚೀಲವೇ ಲೇಸು, ಆದರೆ 147 ಮಿಲಿಮೀಟರ್ ಉದ್ದದ ಫೋನನ್ನು ಸೊಂಟಕ್ಕೆ ಅಡ್ಡ ಕಟ್ಟಿಕೊಂಡು ಪಾಠ ಮಾಡುವುದು ಹೇಗೆ, ಅದೂ ಸೀರೆಯ ಮೇಲೆ? ಬ್ಯಾಗಿನಲ್ಲಿ ಇಡುವವರಿಗೆ ಉದ್ದ ಚೀಲವೇ ಆದೀತು, ಒಂದು ಉಪಾಯ ಮಾಡಿದರೆ. ಚೀಲದ ಒಳಗೆ ಒಂದು ಬೆರಳಗಲದ ಚರ್ಮದ ಪಟ್ಟಿ ಇಳಿಬಿಟ್ಟು, ಅದರ ಒಂದು ತುದಿಯನ್ನು ಬಾಯಿಯ ಹತ್ತಿರ ಒಳಬದಿಗೆ ಹೊಲಿಯಬೇಕು. ಫೋನು ಆ ಪಟ್ಟಿಯ ಮೇಲೆ ಕೂರುತ್ತದೆ, ಇನ್ನೊಂದು ತುದಿ ಹೊರಗೆ ನಾಲಗೆಯಂತೆ ಇಣುಕುತ್ತದೆ. ಅದನ್ನು ಎಳೆದರೆ ಫೋನನ್ನು ಬುಡದಿಂದ ಎತ್ತಿದಂತಾಗುತ್ತದೆ. ಬಾವಿಯ ಕೊಡದಂತೆ, ಫೋನು ತಾನಾಗಿ ಮೇಲೆ ಬರುತ್ತದೆ. ಪ್ರಿವ್‌ನ ಪರದೆಯ ಎರಡೂ ಅಂಚು ಬಾಗಿದೆ ಬೇರೆ. ಅಂಗಿಯಂತೆ ಕಚ್ಚುವ ಚೌಕಟ್ಟಿಗೆ ಅಲ್ಲಿ ಹಿಡಿತವೂ ಸಿಗಲಾರದು.

ಪುಸ್ತಕದ ಹಾಗೆ ತೆರೆಯುವ ಕವರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಲೈಡರನ್ನು ಅದರೊಳಗೆ ನಿಲ್ಲಿಸಬೇಕಾದರೆ ಎಲ್ಲಿಯೋ ಒಂದು ಕಡೆ ಕಚ್ಚಲೇಬೇಕು. ಬೆನ್ನಿಗೆ ಮಾತ್ರ ಕಚ್ಚುವಂಥದ್ದು ಸಿಕ್ಕಿದರೂ ಮುಚ್ಚಳ ಬೀಸಣಿಗೆಯಂತೆ ಕೈಗೆ ಅಡ್ಡ ಬರುತ್ತದೆ.

ಮುಚ್ಚಳ ಬಿಗಿಯಲು ಏನಿರಬೇಕು? ಅಯಸ್ಕಾಂತ ಬೇಡ ಎಂದೇ ನಮ್ಮ ಅಭಿಪ್ರಾಯ. ಫೋನು ತೆರೆದಿದೆಯೋ ಮುಚ್ಚಿದೆಯೋ ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಅನೇಕ ಸ್ಲೈಡರುಗಳಲ್ಲಿ ಒಂದು ಅರ್ಧದೊಳಗೆ ಸಾಸಿವೆಯಷ್ಟು ಅಯಸ್ಕಾಂತ, ಇನ್ನೊಂದು ಅರ್ಧದಲ್ಲಿ ಅದನ್ನು ಗುರುತಿಸುವ ಹಾಲ್ ಸಂವೇದಕ ಇರುತ್ತದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮ, ಹತ್ತನೆಯ ತರಗತಿಯ ಮಕ್ಕಳಿಗೆ ತೋರಿಸಲು ಇದಕ್ಕಿಂತ ಅಗ್ಗದ ಉದಾಹರಣೆ ಇಲ್ಲ. ಚೀಲದ ಮುಚ್ಚಳದ ಅಯಸ್ಕಾಂತ ಆ ಜಾಗದ ಹತ್ತಿರ ಬಂದರೆ ಫೋನು ಗಲಿಬಿಲಿಗೊಳ್ಳುತ್ತದೆ, ಚೀಲದೊಳಗೇ ಬೆಳಕು ಹತ್ತಿಸಿಕೊಂಡು ಬ್ಯಾಟರಿ ಮುಗಿಸುತ್ತದೆ. ಎನ್97ರಂಥ ಫೋನಿನೊಳಗಿನ ದಿಕ್ಸೂಚಿಗೂ ಅದು ಶತ್ರು. ಹಳೇ ಬ್ಲ್ಯಾಕ್‌ಬೆರಿಗಳ ಸೊಂಟದ ಚೀಲದಲ್ಲಿ ಅಯಸ್ಕಾಂತ ಇರುತ್ತಿತ್ತಲ್ಲ ಎಂದು ಟೀಚರು ಕೇಳಿದರು. ನಿಜ. ಅದನ್ನು ಫೋನನ್ನು ಮಲಗಿಸಲೆಂದೇ, ಆ ಫೋನಿನ ಅಳತೆಗೆ, ಸರಿಯಾದ ಜಾಗದಲ್ಲಿ ಇಟ್ಟದ್ದು. ಎಲ್ಲ ಫೋನಿಗೂ ಆಗುತ್ತದೆ ಎಂದು ಮಾರುವ ಚೀಲದಲ್ಲಿ ಆ ಲೆಕ್ಕ ಎಲ್ಲಿಂದ ಬರಬೇಕು?

ಟಿಚ್ ಬಟನ್ ಆಗಬಹುದು, ಆದರೆ ಅದರ ಒಳಬದಿಯ ಲೋಹದ ಮೇಲೆ ಇನ್ನೊಂದು ಪದರ ಚರ್ಮ ಹೊಲಿದಿರಬೇಕು. ಎನ್97, ಎನ್900ರ ಪರದೆ ಒತ್ತಡಕ್ಕೆ ಸ್ಪಂದಿಸುವ ಜಾತಿಯದು, ಮೇಲ್ಪದರ ಮೃದು ಪ್ಲಾಸ್ಟಿಕ್. ಗುಂಡಿಯ ಬೆನ್ನು ಉಜ್ಜಿದರೆ ಗೀರು ಬೀಳುತ್ತದೆ. ಚೀಲ ಬಿಗಿಯಾಗಿ ಒತ್ತಿದರೆ, ಲಾಕ್ ಮಾಡದಿದ್ದರೆ, ಯಾರಿಗಾದರೂ ಕರೆ ಹೋಗಿಬಿಡುತ್ತದೆ. (ನಮ್ಮಲ್ಲೊಬ್ಬರ ಫೋನು ಒಮ್ಮೆ ಕಿಸೆಯೊಳಗಿನಿಂದಲೇ ಎಇಒ ಆಫೀಸಿಗೆ ಪೂರ್ತಿ ಒಂದು ವ್ಯಾಕರಣ ಪಾಠ ಕೇಳಿಸಿದೆ!) ವೆಲ್ಕ್ರೋ ಬೇಡ, ಕ್ಲಾಸಿನಲ್ಲಿ ಕರಕರ ಸದ್ದು, ಮತ್ತೆ ಅದು ಹುಡಿಯನ್ನೆಲ್ಲ ಎಳೆದು ಹಿಡಿಯುತ್ತದೆ.

ಹುಡಿ ಎಂದಾಗ ನೆನಪಾಯಿತು. ಮೇಷ್ಟ್ರುಗಳ ಫೋನಿಗೆ ಬೇರೆಯವರ ಫೋನಿಗಿಲ್ಲದ ಒಂದು ರೋಗ ಇದೆ, ಸೀಮೆಸುಣ್ಣದ ಹುಡಿ. ಅಂಗಿಯ ಕಿಸೆಯಲ್ಲಿ ಯಾವಾಗಲೂ ಒಂದೆರಡು ತುಂಡು ಬಳಪ, ಅದರ ಜೊತೆಗೆ ಫೋನು. ಸಾದಾ ಫೋನಾದರೆ ಒರೆಸಿದರೆ ಹೋಯಿತು. ಸ್ಲೈಡರಿನ ಹಳಿಗೆ ಅದು ಇಳಿದರೆ ಎಣ್ಣೆಯ ಜೊತೆ ಸೇರಿ ಅರೆಯುವ ಹಿಟ್ಟಾಗುತ್ತದೆ. ಹಾಗಾಗಿ ಚೀಲದ ಬಾಯಿಗೆ ಪೂರ್ತಿ ಮುಚ್ಚಳ ಬೇಕು, ಬುಡದಲ್ಲಿ ಒಂದು ಕಿರುಬೆರಳಿನಷ್ಟು ತೂತೂ ಬೇಕು. ಒಳಗೆ ಸೇರಿದ ಹುಡಿ ಅಲ್ಲಿಂದ ಉದುರುತ್ತದೆ, ಗಾಳಿಯೂ ಆಡುತ್ತದೆ. ನಮ್ಮಲ್ಲಿ ಹೆಚ್ಚಿನ ಮಾಷ್ಟ್ರುಗಳು ಮುಂಡು ಉಡುವವರು, ಫೋನಿಗೆ ಅಂಗಿಯ ಕಿಸೆ ಬಿಟ್ಟರೆ ಜಾಗವಿಲ್ಲ. 181 ಗ್ರಾಮಿನ ಎನ್900ನ್ನೋ 192 ಗ್ರಾಮಿನ ಪ್ರಿವ್‌ನ್ನೋ ಎದೆಯ ಮೇಲೆ ಹೊತ್ತು, ಮಗುವಿನ ಸ್ಲೇಟು ನೋಡಲು ಬಗ್ಗಿದರೆ ಅದು ನೆಲಕ್ಕೆ ಬೀಳುವುದು ಖಂಡಿತ. ಚೀಲದ ಬೆನ್ನಿಗೆ ಒಂದು ಕ್ಲಿಪ್ಪು ಇದ್ದರೆ ಕಿಸೆಯ ಅಂಚಿಗೆ ಸಿಕ್ಕಿಸಬಹುದು.

ಇನ್ನು ಚರ್ಮದ ವಿಷಯ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರು ನಮ್ಮದು. ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಬರುತ್ತದೆ. ಆದರೂ ಚರ್ಮವೇ ಇರಲಿ ಎನ್ನುತ್ತೇವೆ. ಅಂಗಡಿಯಲ್ಲಿ ಚರ್ಮ ಎಂದು ಕೊಡುವುದರಲ್ಲಿ ಅರ್ಧಕ್ಕರ್ಧ ರೆಕ್ಸಿನ್, ಇಲ್ಲವೇ ಬಟ್ಟೆಯ ಮೇಲೆ ಪಾಲಿಯುರಿಥೇನ್ ಬಳಿದದ್ದು. ಈ ಎರಡನೆಯದು ನಮ್ಮ ತೇವಕ್ಕೆ ಒಳಗೊಳಗೇ ಕೊಳೆತು ಎರಡು ಮೂರು ಮಳೆಗಾಲದಲ್ಲಿ ಸಿಪ್ಪೆ ಏಳುತ್ತದೆ, ಆ ಸಿಪ್ಪೆ ಸೀದಾ ಕೀಲಿಗಳ ಸಂದಿಗೆ. ಗುರುತಿಸುವುದು ಸುಲಭ. ಕತ್ತರಿಸಿದ ಅಂಚಿನ ಒಳಬದಿ ನೋಡಿ. ಬಟ್ಟೆಯ ನೇಯ್ಗೆ ಕಂಡರೆ ಅದು ಚರ್ಮವಲ್ಲ. ಒಕ್ಕಲು ಒಕ್ಕಲಾಗಿ ನಾರು ಕಂಡರೆ ಚರ್ಮ.

ಚರ್ಮದಲ್ಲೂ ಮರದ ತೊಗಟೆಯಲ್ಲಿ ಹದ ಮಾಡಿದ್ದು ಒಂದು, ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು ಇನ್ನೊಂದು. ತೊಗಟೆಯದ್ದು ಗಟ್ಟಿ, ಆಕಾರ ಹಿಡಿದು ನಿಲ್ಲುತ್ತದೆ, ನೋಡಲೂ ಚೆಂದ. ಆದರೆ ನೆನೆದು ಒಣಗಿದರೆ ಸೆಟೆಯುತ್ತದೆ, ಕಲೆ ಬೀಳುತ್ತದೆ. ಕ್ರೋಮಿನದ್ದು ಮೆತ್ತಗೆ, ನೀರಿಗೆ ಅಷ್ಟು ಬೇಗ ಸೋಲುವುದಿಲ್ಲ. ಬೆಂಗಳೂರಿನವರು ಏನು ಬೇಕಾದರೂ ಕೊಳ್ಳಲಿ, ಕುಂಬಳೆ, ಬದಿಯಡ್ಕ ಬಸ್ಸಿನಲ್ಲಿ ಕಿಟಕಿಯ ಟಾರ್ಪಾಲು ಸೋರುತ್ತಿರುವಾಗ ನಿಂತು ಬರುವ ನಮಗೆ ಕ್ರೋಮಿನದ್ದೇ ಸರಿ. ಒದ್ದೆಯಾದರೆ ಒಲೆಯ ಹತ್ತಿರ ಇಡಬೇಡಿ, ಫ್ಯಾನಿನ ಕೆಳಗೆ ನಿಧಾನ ಒಣಗಿಸಿ. ದಯವಿಟ್ಟು ತೆಂಗಿನೆಣ್ಣೆ ಹಚ್ಚಬೇಡಿ! ನಮ್ಮೂರಲ್ಲಿ ಬಾಗಿಲಿನ ಕೀಲಿನಿಂದ ಮಗುವಿನ ನೆತ್ತಿಯವರೆಗೆ ಎಲ್ಲಕ್ಕೂ ತೆಂಗಿನೆಣ್ಣೆಯೇ ಮದ್ದು. ಆದರೆ ಚರ್ಮ ಅದನ್ನು ಕುಡಿದು ಕಪ್ಪಾಗುತ್ತದೆ, ದಿನ ಕಳೆದಂತೆ ಕನರು ವಾಸನೆ ಬರುತ್ತದೆ, ಉಳಿದ ಎಣ್ಣೆ ಫೋನಿನ ಹಳಿಗೆ ಇಳಿಯುತ್ತದೆ.

ಈಗ ಇಂಥ ಫೋನಿಗೆ ಹೊಸ ಚೀಲ ಅಂಗಡಿಯಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಅದೇ ಒಳ್ಳೆಯದಾಯಿತು ಎನ್ನಿ, ಹೊಲಿಸಿಬಿಡಿ. ಚಪ್ಪಲಿ, ಬ್ಯಾಗು ಹೊಲಿಯುವವರ ಹತ್ತಿರ ಫೋನನ್ನೇ ತೆಗೆದುಕೊಂಡು ಹೋಗಿ. ಅಳತೆಯ ಲೆಕ್ಕ ಐದನೆಯ ತರಗತಿಯದು. ಎರಡು ಚಪ್ಪಟೆ ತುಂಡು ಸೇರಿಸಿ ಹೊಲಿಯುವ ಚೀಲವಾದರೆ, ಹೊಲಿಗೆಯಿಂದ ಹೊಲಿಗೆಗೆ ಫೋನಿನ ಅಗಲ, ದಪ್ಪ ಎರಡನ್ನೂ ಕೂಡಿಸಿದಷ್ಟು ಬೇಕು, ಜೊತೆಗೆ ಒಂದೆರಡು ಮಿಲಿಮೀಟರು. ಎನ್97ರ ಅಗಲ 55.3, ದಪ್ಪ 15.9, ಕೂಡಿಸಿದರೆ 71ರ ಮೇಲೆ ಚೂರು, ಆದ್ದರಿಂದ 73 ಇಡಿ. ಪ್ರಿವ್ 77.2 ಮತ್ತು 9.4, ಅದಕ್ಕೆ 88 ಸಾಕು. ಹೊಸದರಲ್ಲಿ ಬಿಗಿ ಅನ್ನಿಸಿದರೆ ಹೆದರಬೇಡಿ, ಚರ್ಮ ಜಗ್ಗುತ್ತದೆ. ಸಡಿಲ ಹೊಲಿಸಿದರೆ ಮತ್ತೆ ಬಿಗಿಯಾಗುವುದಿಲ್ಲ. ಒಳಬದಿಗೆ ಮೆತ್ತನೆ ಚರ್ಮ, ಒಂದೂವರೆ ಮಿಲಿಮೀಟರಿಗಿಂತ ದಪ್ಪ ಬೇಡ.

ಟೀಚರು ಎಲ್ಲ ಕೇಳಿ, "ಅಷ್ಟೆಲ್ಲ ಮಾಡಿ ಬರೆಯುವುದೇನು ಮಾಷ್ಟ್ರೇ, ಒಂದು ವಾಟ್ಸಾಪು" ಎಂದು ನಕ್ಕರು. ನಾವು ಮಾತಾಡಲಿಲ್ಲ. ಕಪಾಟಿನಿಂದ ಆ ನೋಟ್ ಬುಕ್ಕು ತೆಗೆದು ಅವರ ಮುಂದಿಟ್ಟೆವು. ಈಗ ಫೋನಿನಲ್ಲಿ ಕನ್ನಡದಲ್ಲೇ ಬರೆಯಬಹುದು, ಟಕಾರ ತಕಾರದ ಗೊಂದಲವಿಲ್ಲ. ಅವರ ಮನೆ ಪೆರ್ಲದ ಕಡೆ, ಮನೆಯಲ್ಲಿ ತೊಂಬತ್ತು ದಾಟಿದ ಅಜ್ಜಿ ಇದ್ದಾರೆ. ಪುಟ ತಿರುಗಿಸುತ್ತಾ ಹೋದವರು ಪ್ರಶ್ನಾರ್ಥಕ ಚಿಹ್ನೆ ಇದ್ದ ಒಂದು ಪದದ ಹತ್ತಿರ ನಿಂತು, "ಇದು ನಮ್ಮ ಅಜ್ಜಿ ಹೇಳುತ್ತಾರೆ, ಕೇಳಿ ಬರುತ್ತೇನೆ" ಅಂದರು. ಚೀಲಕ್ಕೆ ಅಳತೆ ಕೊಟ್ಟು ಬಂದಿದ್ದಾರಂತೆ, ನಾಲಗೆಪಟ್ಟಿ ಇರುವಂಥದ್ದೇ.